ಹಿರಿಯರ ಹೆಸರಲ್ಲಿ ದತ್ತಿ: ಚಿನ್ನದ ಪದಕಕ್ಕೆ ಮಾತ್ರ ಯಾಕೆ, ಬೆಳೆ ಸಂಶೋಧನೆಗೂ ಇಡಬಹುದು

ಕೃಷಿ ವಿಶ್ವವಿದ್ಯಾಲಯದ ಘಟಿಕೋತ್ಸವ ನಡೆದ ಮರುದಿನ ಪೇಪರ್ ತೆಗೆದರೆ ಚಿನ್ನದ ಪದಕ ಪಡೆದ ಹುಡುಗ ಹುಡುಗಿಯರ ಫೋಟೊ ಇರುತ್ತೆ. ಆ ಪದಕಗಳ ಹೆಸರನ್ನು ಒಮ್ಮೆ ಓದಿ ನೋಡಿ. ಒಂದು ತಂದೆಯ ಸ್ಮರಣಾರ್ಥ, ಇನ್ನೊಂದು ತಾಯಿಯ ಸ್ಮರಣಾರ್ಥ, ಮತ್ತೊಂದು ತೀರಿಹೋದ ಪ್ರಾಧ್ಯಾಪಕರ ಸ್ಮರಣಾರ್ಥ. ಯಾರೋ ಒಂದು ಮೊತ್ತವನ್ನು ವಿಶ್ವವಿದ್ಯಾಲಯದಲ್ಲಿ ಇಟ್ಟಿರುತ್ತಾರೆ. ಅಸಲು ಮುಟ್ಟುವಂತಿಲ್ಲ, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಪದಕ. ಇದೇ ದತ್ತಿ ನಿಧಿ.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕೊಡುವ ಕೈಗೆ ಕೊರತೆ ಇಲ್ಲ. ಹಿರಿಯರ ಪುಣ್ಯತಿಥಿಗೆ ಅನ್ನದಾನ, ಶಾಲೆಗೆ ಬೆಂಚು, ದೇವಸ್ಥಾನಕ್ಕೆ ಗಂಟೆ, ಬಸ್ ಸ್ಟ್ಯಾಂಡಿಗೆ ಕಲ್ಲುಬೆಂಚು, ಎಲ್ಲಾ ಉಂಟು. ಆದರೆ ಇಲ್ಲಿನ ಅಂಗಡಿ ವ್ಯಾಪಾರ ನಿಂತಿರೋದು ತೆಂಗು, ಅಡಿಕೆ, ರಾಗಿ ಮೇಲೆ. ತೋಟಕ್ಕೆ ಕಪ್ಪುತಲೆ ಹುಳು ಬಿದ್ದ ವರ್ಷ ಬಟ್ಟೆ ಅಂಗಡಿಯಿಂದ ಹಿಡಿದು ಹೋಟೆಲ್‌ವರೆಗೆ ಗಲ್ಲಾಪೆಟ್ಟಿಗೆ ಹಗುರ ಆಗೋದನ್ನು ವರ್ತಕರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಾದರೆ ಆ ಹುಳುವಿನ ಮೇಲೆ, ರಸ ಸೋರುವ ರೋಗದ ಮೇಲೆ ಕೆಲಸ ಮಾಡುವವರಿಗೆ ನಮ್ಮ ದತ್ತಿಯ ದುಡ್ಡು ಹೋಗಬಹುದಾ? ಹೋದರೆ ಏನಾಗುತ್ತೆ? ಇಲ್ಲಿದೆ ವಿವರ.

ಗಿಡದ ಕೆಲಸಕ್ಕೆ ಕಾಯುವ ದುಡ್ಡು ಬೇಕು

ಸರ್ಕಾರದಿಂದ ಬರುವ ಸಂಶೋಧನಾ ಹಣ ಸಾಮಾನ್ಯವಾಗಿ ಯೋಜನೆಯ ಲೆಕ್ಕದಲ್ಲಿ ಬರುತ್ತೆ. ಮೂರು ವರ್ಷ, ಹೆಚ್ಚೆಂದರೆ ಐದು ವರ್ಷ. ಅವಧಿ ಮುಗಿದರೆ ಹಣವೂ ಮುಗಿಯಿತು. ಆದರೆ ರಾಗಿಯಂಥ ಬೆಳೆಯಲ್ಲೇ ಹೊಸ ತಳಿಯೊಂದು ರೈತರ ಕೈಗೆ ಬರೋಕೆ ಎಂಟು ಹತ್ತು ವರ್ಷ ಹಿಡಿಯುತ್ತೆ. ನಾಟಿ ತೆಂಗಿನ ಸಸಿ ನೆಟ್ಟರೆ ಫಸಲು ನೋಡೋಕೇ ಆರೇಳು ವರ್ಷ. ಮರ ಕಾಯಿ ಬಿಡುವ ಮೊದಲೇ ಯೋಜನೆ ಮುಗಿದಿರುತ್ತೆ. ಗಿಡ ಸರ್ಕಾರದ ಮಾರ್ಚ್ ತಿಂಗಳ ಲೆಕ್ಕ ನೋಡಿ ಬೆಳೆಯೋದಿಲ್ಲ.

ದತ್ತಿ ನಿಧಿಯ ಗುಣ ಇದಕ್ಕೆ ಉಲ್ಟಾ. ಮೊತ್ತ ಚಿಕ್ಕದಿರಬಹುದು, ಆದರೆ ಪ್ರತಿ ವರ್ಷ ಬರುತ್ತೆ, ನಿಲ್ಲೋದಿಲ್ಲ. ಅದಕ್ಕೇ ಬೆಳೆ ಸಂಶೋಧನೆಗೆ ದತ್ತಿ ಬೇರೆ ವಿಷಯಗಳಿಗಿಂತ ಹೆಚ್ಚು ಒಗ್ಗುತ್ತೆ. ಇದು ಬರೀ ಲೆಕ್ಕಾಚಾರ ಅಲ್ಲ, ನಡೆದು ತೋರಿಸಿದ ಉದಾಹರಣೆಗಳಿವೆ.

ಗೊಬ್ಬರ ವ್ಯಾಪಾರಿ ಇಟ್ಟ ಒಂದು ಲಕ್ಷ ಪೌಂಡ್

ಮೊದಲನೆಯದು ಇಂಗ್ಲೆಂಡಿನದು. ಜಾನ್ ಬೆನೆಟ್ ಲಾಸ್ ಅನ್ನೋರು ಸೂಪರ್ ಫಾಸ್ಫೇಟ್ ಗೊಬ್ಬರ ತಯಾರಿಸಿ ಮಾರಿ ಹಣ ಮಾಡಿದವರು. 1843ರಲ್ಲಿ ರಾಥಮ್‌ಸ್ಟೆಡ್ ಎಂಬಲ್ಲಿ ತಮ್ಮ ಸ್ವಂತ ಜಮೀನಿನಲ್ಲಿ ಗೋಧಿ ತಾಕು ಮಾಡಿದರು. ಒಂದು ಪಟ್ಟೆಗೆ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ಬೇರೆ ಬೇರೆ ರಾಸಾಯನಿಕ ಗೊಬ್ಬರ, ಒಂದಕ್ಕೆ ಏನೂ ಇಲ್ಲ. ವರ್ಷ ವರ್ಷ ಇಳುವರಿ ಬರೆದಿಡೋದು, ಮಣ್ಣು ಮತ್ತು ಕಾಳಿನ ಮಾದರಿ ಎತ್ತಿಡೋದು. ತಾವು ಸತ್ತ ಮೇಲೆ ಇದು ನಿಲ್ಲಬಾರದು ಅಂತ 1889ರಲ್ಲಿ ಒಂದು ಲಕ್ಷ ಪೌಂಡ್ ಇಟ್ಟು ಟ್ರಸ್ಟ್ ಮಾಡಿದರು. ಆ ಗೋಧಿ ತಾಕು 180 ವರ್ಷ ದಾಟಿ ಇವತ್ತಿಗೂ ನಡೀತಿದೆ.

ಅದರಿಂದ ನಮಗೇನು ಅಂತ ಕೇಳಬಹುದು. ಅಲ್ಲಿ ರಾಶಿ ಬಿದ್ದಿದ್ದ ಎಪ್ಪತ್ತು ಎಂಬತ್ತು ವರ್ಷದ ಲೆಕ್ಕವನ್ನು ಬಿಡಿಸಿ ನೋಡೋಕೆ 1919ರಲ್ಲಿ ರೊನಾಲ್ಡ್ ಫಿಶರ್ ಅನ್ನೋ ಗಣಿತ ಬಲ್ಲವರನ್ನು ನೇಮಿಸಿಕೊಂಡರು. ಹೊಲದಲ್ಲಿ ಪ್ರಯೋಗ ಮಾಡುವಾಗ ಒಂದೇ ತಾಕು ನೋಡಿ ತೀರ್ಮಾನ ಮಾಡಬಾರದು, ಮೂರು ನಾಲ್ಕು ಕಡೆ ಮಾಡಬೇಕು, ಯಾವ ತಾಕಿಗೆ ಯಾವ ಗೊಬ್ಬರ ಅನ್ನೋದನ್ನು ಚೀಟಿ ಎತ್ತಿದ ಹಾಗೆ ಹಂಚಬೇಕು ಅನ್ನೋ ಪದ್ಧತಿಯನ್ನು ರೂಢಿಗೆ ತಂದದ್ದು ಅವರೇ. ಇವತ್ತು ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಸಂಶೋಧನಾ ತಾಕುಗಳಲ್ಲಿ ನಡೆಯೋದೂ ಅದೇ ಪದ್ಧತಿ. ಗೊಬ್ಬರ ವ್ಯಾಪಾರಿಯೊಬ್ಬರು ಗೋಧಿಗೆ ಅಂತ ಇಟ್ಟ ದುಡ್ಡು ಕಡೆಗೆ ನಮ್ಮ ರಾಗಿ ತಾಕಿಗೂ ಬಂತು.

ವಕೀಲರ ದತ್ತಿ, ತಲಶೇರಿಯ ಹುಡುಗಿ

ಎರಡನೆಯದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ್ದು. ಅಲ್ಲೇ ಓದಿದ್ದ ಲೀವೈ ಬಾರ್ಬೋರ್ ಅನ್ನೋ ಡೆಟ್ರಾಯಿಟ್‌ನ ವಕೀಲರು ಏಷ್ಯಾ ಪ್ರವಾಸ ಹೋದಾಗ, ತಮ್ಮ ವಿಶ್ವವಿದ್ಯಾಲಯದಲ್ಲಿ ಕಲಿತು ಬಂದ ಏಷ್ಯಾದ ಮಹಿಳಾ ಡಾಕ್ಟರುಗಳ ಕೆಲಸ ಕಂಡರು. ಏಷ್ಯಾದ ಹೆಣ್ಣುಮಕ್ಕಳು ಬಂದು ಓದಲಿ ಅಂತ 1917ರಲ್ಲಿ ದತ್ತಿ ಇಟ್ಟರು. ಡಾಕ್ಟರೇ ಆಗಬೇಕು ಅಂತ ಷರತ್ತು ಹಾಕಲಿಲ್ಲ.

ಆ ವಿದ್ಯಾರ್ಥಿವೇತನ ಪಡೆದು ಹೋದವರಲ್ಲಿ ಒಬ್ಬರು ಕೇರಳದ ತಲಶೇರಿಯ ಇ.ಕೆ. ಜಾನಕಿ ಅಮ್ಮಾಳ್. ಓದಿದ್ದು ಸಸ್ಯಶಾಸ್ತ್ರ. 1931ರಲ್ಲಿ ಮಿಷಿಗನ್‌ನಿಂದ ಡಾಕ್ಟರೇಟ್ ಪಡೆದರು. ವಾಪಸ್ ಬಂದು ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ ಕಬ್ಬಿನ ವರ್ಣತಂತುಗಳ ಮೇಲೆ ಕೆಲಸ ಮಾಡಿದರು. ಕಬ್ಬನ್ನು ಅದರ ಸಂಬಂಧಿ ಹುಲ್ಲುಗಳ ಜೊತೆ, ಜೋಳದ ಜಾತಿಯ ಗಿಡಗಳ ಜೊತೆ ಕೂಡಿಸಿ ನೋಡಿದರು.

ಭಾರತದ ಕಬ್ಬಿಗೆ ಸಿಹಿ ತುಂಬಿದ್ದೇ ಇವರು ಅಂತ ಮೊಬೈಲ್‌ನಲ್ಲಿ ಓಡಾಡುವ ಮಾತು ಸ್ವಲ್ಪ ಉಬ್ಬಿಸಿದ್ದು. ಕಾಡುಕಬ್ಬಿನ ಜೊತೆ ಕೂಡಿಸಿ ಮಾಡಿದ ಹೆಸರಾಂತ ಕೋ-205 ತಳಿ, ಜಾನಕಿ ಅಲ್ಲಿಗೆ ಹೋಗುವ ಮೊದಲೇ, 1918ರಲ್ಲಿ ಬಂದಿತ್ತು. ಟಿ.ಎಸ್. ವೆಂಕಟರಾಮನ್ ಮತ್ತು ಅವರ ಹಿರಿಯ ವಿಜ್ಞಾನಿಯ ಕೆಲಸ ಅದು. ಜಾನಕಿ ಮಾಡಿದ್ದು ಅದರ ಮುಂದಿನ ಕೆಲಸ: ಯಾವ ಗಿಡ ಯಾವುದರ ಜೊತೆ ಕೂಡುತ್ತೆ, ಯಾಕೆ ಕೂಡುತ್ತೆ ಅಂತ ಒಳಹೊಕ್ಕು ನೋಡೋದು.

1940ರಿಂದ 1945ರವರೆಗೆ, ಯುದ್ಧದ ಕಾಲದಲ್ಲಿ, ಅವರು ಇಂಗ್ಲೆಂಡಿನ ಜಾನ್ ಇನ್ನಿಸ್ ಸಂಸ್ಥೆಯಲ್ಲಿದ್ದರು. ಆ ಸಂಸ್ಥೆ ಹುಟ್ಟಿದ್ದೂ ಒಂದು ದತ್ತಿಯಿಂದಲೇ. ಜಾನ್ ಇನ್ನಿಸ್ ಲಂಡನ್ನಿನ ವ್ಯಾಪಾರಿ, ಜಮೀನು ಮನೆ ವ್ಯವಹಾರ ಮಾಡಿದವರು. 1904ರಲ್ಲಿ ತೀರಿಕೊಂಡಾಗ ತೋಟಗಾರಿಕೆಗೆ ಆಸ್ತಿ ಬಿಟ್ಟು ಹೋದರು, ಅದರಿಂದ 1910ರಲ್ಲಿ ಸಂಸ್ಥೆ ಶುರುವಾಯಿತು. ಜಾನಕಿ ಅಲ್ಲಿದ್ದಾಗ ಸಿ.ಡಿ. ಡಾರ್ಲಿಂಗ್ಟನ್ ಜೊತೆ ಸೇರಿ, ಜನ ಬೆಳೆಸುವ ಸಾವಿರಾರು ಗಿಡಗಳ ವರ್ಣತಂತುಗಳ ಲೆಕ್ಕದ ಪುಸ್ತಕ ತಂದರು. ತಳಿ ಮಾಡುವವರಿಗೆ ಅದು ಕೈಪಿಡಿಯಾಯಿತು. 1977ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಈಗ ಅದೇ ಜಾನ್ ಇನ್ನಿಸ್ ಸಂಸ್ಥೆ ಬಡ ದೇಶಗಳ ವಿದ್ಯಾರ್ಥಿಗಳಿಗೆ ಜಾನಕಿ ಅಮ್ಮಾಳ್ ಹೆಸರಲ್ಲೇ ವಿದ್ಯಾರ್ಥಿವೇತನ ಇಟ್ಟಿದೆ. ದತ್ತಿ ಪಡೆದ ಹುಡುಗಿಯ ಹೆಸರಲ್ಲೇ ಈಗ ದತ್ತಿ.

ಹೆಬ್ಬಾಳದ 30 ಎಕರೆ

ದೂರದ ಮಾತು ಯಾಕೆ, ನಮ್ಮ ಜಿಲ್ಲೆಯ ರೈತರು ವರ್ಷಾ ವರ್ಷಾ ಕೃಷಿ ಮೇಳಕ್ಕೆ ಹೋಗೋ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬುಡವೂ ಒಂದು ದಾನವೇ. 1899ರಲ್ಲಿ ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ಮತ್ತು ಹಣ ಕೊಟ್ಟು, ಡಾ. ಲೆಹ್ಮನ್ ಉಸ್ತುವಾರಿಯಲ್ಲಿ ಪ್ರಾಯೋಗಿಕ ಕೃಷಿ ಕೇಂದ್ರ ಮಾಡಿಸಿದರು. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸರ್ಕಾರದ ಸೇವೆಗೆ ಬಂದರು. ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿ, ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ತೋಟಗಳಿಗೆ ತಂದರು. ಇವತ್ತಿಗೂ ಮಳೆಗಾಲದಲ್ಲಿ ಗೊನೆಗೆ ಹೊಡೆಯೋದು ಅದನ್ನೇ.

ಹೆಬ್ಬಾಳದಲ್ಲಿ 1913ರಲ್ಲಿ ಕೃಷಿ ಶಾಲೆ, 1946ರಲ್ಲಿ ಕಾಲೇಜು, 1964ರಲ್ಲಿ ವಿಶ್ವವಿದ್ಯಾಲಯ. 30 ಎಕರೆ ಕೊಟ್ಟ ದಿನ ಇದ್ಯಾವುದೂ ಯಾರ ಲೆಕ್ಕದಲ್ಲೂ ಇರಲಿಲ್ಲ.

ನಮ್ಮಂಥವರ ಲೆಕ್ಕ ಎಷ್ಟಕ್ಕೆ ಬರುತ್ತೆ?

ಮಹಾರಾಣಿ, ಕಾರ್ಖಾನೆ ಮಾಲೀಕರ ಮಾತು ಬೇರೆ ಅಂತ ಅನ್ನಿಸಬಹುದು. ಸರಿ, ಚಿಕ್ಕ ಲೆಕ್ಕವನ್ನೇ ಹಾಕೋಣ. ಮಾರುಕಟ್ಟೆಯ ಹತ್ತು ಅಂಗಡಿಯವರು ತಲಾ 50 ಸಾವಿರ ಹಾಕಿದರೆ 5 ಲಕ್ಷ. ಶೇ 7ರ ಬಡ್ಡಿ ಅಂದುಕೊಂಡರೆ ವರ್ಷಕ್ಕೆ 35 ಸಾವಿರ. ಇದರಲ್ಲಿ ಲ್ಯಾಬ್ ಕಟ್ಟೋಕಾಗಲ್ಲ, ನಿಜ. ಆದರೆ ಎಂ.ಎಸ್ಸಿ ವಿದ್ಯಾರ್ಥಿಯೊಬ್ಬರು ನಮ್ಮ ತಾಲ್ಲೂಕಿನ ತೋಟ ತೋಟ ಸುತ್ತಿ ಹುಳುಬಿದ್ದ ಗರಿ ಎಣಿಸೋ ಓಡಾಟದ ಖರ್ಚು, ಮಣ್ಣು ಮತ್ತು ಎಲೆ ಪರೀಕ್ಷೆ, ತಾಕಿನ ಕೂಲಿ, ಇಷ್ಟಕ್ಕೆ ಒಳ್ಳೆಯ ಪಾಲು ಬರುತ್ತೆ. ಎಷ್ಟೋ ಕೆಲಸ ಅರ್ಧಕ್ಕೆ ನಿಲ್ಲೋದು ಇಂಥ ಸಣ್ಣ ಖರ್ಚಿಗೇ.

ಒಂದು ಎಚ್ಚರಿಕೆ ಬೇಕು. ಬಂದ ಬಡ್ಡಿಯನ್ನೆಲ್ಲಾ ಖರ್ಚು ಮಾಡಿದರೆ ಅಸಲು ಅಷ್ಟೇ ಇರುತ್ತೆ, ಅದರ ಬೆಲೆ ಮಾತ್ರ ಕರಗುತ್ತೆ. ಬೆಲೆ ಏರಿಕೆ ವರ್ಷಕ್ಕೆ ಶೇ 6 ಅಂದುಕೊಂಡರೂ 12 ವರ್ಷದಲ್ಲಿ 5 ಲಕ್ಷದ ಕೊಳ್ಳುವ ಶಕ್ತಿ ಅರ್ಧ. ಹಿಂದೆ ಚಿನ್ನದ ಪದಕಕ್ಕೆ ಅಂತ 10 ಸಾವಿರ ಇಟ್ಟವರ ದತ್ತಿಯಲ್ಲಿ ಶೇ 7ರ ಹಾಗೆ ಬರೋದು 700 ರೂಪಾಯಿ. ಒಂದು ಗ್ರಾಂ ಚಿನ್ನಕ್ಕೂ ಸಾಲದು. ಅದಕ್ಕೇ 35 ಸಾವಿರ ಬಂದರೆ 20 ಸಾವಿರ ಖರ್ಚು ಮಾಡಿ 15 ಸಾವಿರವನ್ನು ಅಸಲಿಗೆ ಸೇರಿಸುತ್ತಾ ಹೋಗಬೇಕು. ಈ ಮಾತು ಮೊದಲ ದಿನವೇ ಪತ್ರದಲ್ಲಿ ಇರಬೇಕು.

ಷರತ್ತು ಹಗ್ಗದ ಹಾಗಿರಲಿ, ಉರುಳಿನ ಹಾಗೆ ಬೇಡ

ಬಾರ್ಬೋರ್ ದತ್ತಿ ಕೆಲಸ ಮಾಡಿದ್ದು ಅದರ ಷರತ್ತು ಅಗಲ ಇದ್ದದ್ದಕ್ಕೆ. ಮೆಡಿಕಲ್ ಓದುವವರಿಗೆ ಮಾತ್ರ ಅಂದಿದ್ದರೆ ಜಾನಕಿಗೆ ಸಿಗುತ್ತಿರಲಿಲ್ಲ. ನಾವು "ಇಂಥ ಹುಳುವಿಗೆ ಇಂಥ ಔಷಧಿಯ ಪ್ರಯೋಗಕ್ಕೆ" ಅಂತ ಬರೆದರೆ ಹತ್ತು ವರ್ಷದಲ್ಲಿ ಆ ಔಷಧಿಯೇ ಇರೋದಿಲ್ಲ. "ತೆಂಗು ಮತ್ತು ತೋಟದ ಬೆಳೆಗಳ ರೋಗ, ಕೀಟ, ಮಣ್ಣಿನ ಸಂಶೋಧನೆ, ನಮ್ಮ ಜಿಲ್ಲೆಯಲ್ಲಿ ನಡೆಯುವ ಕೆಲಸಕ್ಕೆ ಆದ್ಯತೆ" ಅಂದರೆ 50 ವರ್ಷ ನಡೆಯುತ್ತೆ.

ಇನ್ನೊಂದು ಮಾತು ಗೊಬ್ಬರ, ಔಷಧಿ ಮಾರುವವರಿಗೆ. ದುಡ್ಡು ಕೊಟ್ಟವರ ಮಾಲು ಚೆನ್ನಾಗಿದೆ ಅಂತಲೇ ಫಲಿತಾಂಶ ಬರಬೇಕು ಅನ್ನೋ ನಿರೀಕ್ಷೆ ಇದ್ದರೆ ಅದು ದತ್ತಿ ಅಲ್ಲ, ಜಾಹೀರಾತು. ಏನು ಬರುತ್ತೋ ಅದನ್ನೇ ಪ್ರಕಟಿಸುವ ಸ್ವಾತಂತ್ರ್ಯ ಸಂಶೋಧಕರಿಗಿರಬೇಕು.

ಚೆಕ್ ಬರೆಯುವ ಮೊದಲು ಕೇಳಿ

- ಹಣ ಯಾವ ಖಾತೆಯಲ್ಲಿ, ಎಷ್ಟು ಬಡ್ಡಿಗೆ ಇರುತ್ತೆ? ಬಡ್ಡಿಯಲ್ಲಿ ಎಷ್ಟು ಪಾಲು ಅಸಲಿಗೆ ವಾಪಸ್?
- ಸಂಶೋಧನೆಗೆ, ವಿದ್ಯಾರ್ಥಿಯ ಖರ್ಚಿಗೆ ದತ್ತಿ ಸ್ವೀಕರಿಸುವ ನಿಯಮ ಇದೆಯಾ? ಕನಿಷ್ಠ ಮೊತ್ತ ಎಷ್ಟು?
- ಯಾರಿಗೆ ಕೊಡಬೇಕು ಅಂತ ಆಯ್ಕೆ ಮಾಡೋರು ಯಾರು? ದಾನಿಯ ಮನೆಯವರು ಸಮಿತಿಯಲ್ಲಿ ಇರಲೇಬೇಕು ಅನ್ನೋ ಹಟ ಬೇಡ.
- ಒಂದು ವರ್ಷ ಅರ್ಹರು ಸಿಗದಿದ್ದರೆ ಆ ಬಡ್ಡಿ ಏನಾಗುತ್ತೆ?
- ವರ್ಷಕ್ಕೊಮ್ಮೆ ಲೆಕ್ಕ ಮತ್ತು ಒಂದು ಪುಟದ ಕನ್ನಡ ವರದಿ ದಾನಿಗಳಿಗೆ ಬರುತ್ತಾ?
- ಮುಂದೊಂದು ದಿನ ಆ ವಿಭಾಗವೇ ಮುಚ್ಚಿದರೆ ನಿಧಿಯನ್ನು ಯಾವುದಕ್ಕೆ ಬಳಸಬೇಕು?

ತೆರಿಗೆ ವಿಷಯ: 80ಜಿ ಅಂತ ಕರೆಯುವ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಅದೂ ಇಲ್ಲ. ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಿ, ರಸೀದಿ ಜೊತೆ ದಾನದ ಪ್ರಮಾಣಪತ್ರ ಕೇಳಿ ಪಡೆಯಿರಿ. ಎಷ್ಟು ವಿನಾಯಿತಿ ಸಿಗುತ್ತೆ ಅನ್ನೋದನ್ನು ನಿಮ್ಮ ಆಡಿಟರ್ ಹತ್ರ ಮೊದಲೇ ಕೇಳಿಕೊಳ್ಳಿ.

ದತ್ತಿ ವಿಚಾರಕ್ಕೆ ಆಯಾ ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಗೆ ಪತ್ರ ಬರೆಯಬಹುದು. ನಮ್ಮ ಕಡೆ ಯಾವ ಬೆಳೆಗೆ ಯಾವ ಕೆಲಸ ಬಾಕಿ ಇದೆ ಅಂತ ತಿಳಿಯೋಕೆ ತಿಪಟೂರು ತಾಲ್ಲೂಕಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿಗೆ ಹೋಗುವಾಗ ಅಂಗಡಿಯವರ ಜೊತೆ ನಾಲ್ಕು ಜನ ತೋಟದವರನ್ನೂ ಕರೆದುಕೊಂಡು ಹೋಗಿ. ಏನು ಕೇಳಬೇಕು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು.