ಡಿಸ್ಕು ಡೆಡ್ ಅಲ್ಲ, ಬಯೋಸ್ ನೋಡಿ

ತಿಪಟೂರಿನ ನಮ್ಮ ರಿಪೇರಿ ಅಂಗಡಿಗೆ ಹಳೇ ಕಂಪ್ಯೂಟರು ಹೆಚ್ಚಾಗಿ ಬರುವುದು ಡಿಟಿಪಿ ಸೆಂಟರುಗಳಿಂದ. ಪೇಜ್‌ಮೇಕರ್, ನುಡಿ ಫಾಂಟು, ವಿಂಡೋಸ್ 7 ಮೂರೂ ಹೊಂದಿಕೊಂಡು ಕೂತಿರುವಾಗ ಹೊಸ ಮಷೀನು ಕೊಳ್ಳುವ ಧೈರ್ಯ ಯಾರಿಗೂ ಇಲ್ಲ. ಲಗ್ನಪತ್ರಿಕೆ ಸೀಸನ್ನಿಗೆ ಮುಂಚೆ ಎಸ್‌ಎಸ್‌ಡಿ ಹಾಕಿಸಿಕೊಂಡರೆ ಸಾಕು ಅನ್ನುತ್ತಾರೆ. ಕೆಲವರು ತಾವೇ ಹಾಕಿಕೊಂಡು, "ಡೆಡ್ ಪೀಸ್ ಕೊಟ್ಟವ್ನೆ ಅಣ್ಣಾ, ವಾಪಸ್ ಮಾಡ್ತೀನಿ" ಅಂತ ಬರುತ್ತಾರೆ. ತಡೀರಿ, ಮೊದಲು ಬಯೋಸ್ ನೋಡೋಣ ಅನ್ನುತ್ತೇನೆ.

ಬಯೋಸ್ ಮದರ್‌ಬೋರ್ಡಿನ ಚಿಪ್‌ನಲ್ಲೇ ಇರುವ ಸಣ್ಣ ಪ್ರೋಗ್ರಾಂ. ವಿಂಡೋಸಿಗಿಂತ ಮೊದಲು ಏಳುವುದು ಅದೇ. ಸ್ವಿಚ್ ಒತ್ತಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀ ಬಡಿಯುತ್ತಿದ್ದರೆ ಅದರ ಪರದೆ ತೆರೆಯುತ್ತದೆ.

ಎಚ್61 ಚಿಪ್‌ಸೆಟ್ ಕಾಲದ ಬೋರ್ಡುಗಳಲ್ಲಿ ನಾನು ಮೊದಲು ಹುಡುಕುವುದು ಸಾಟಾ ಮೋಡ್, ಅಂದರೆ ಬೋರ್ಡು ಡಿಸ್ಕಿನೊಡನೆ ಮಾತಾಡುವ ರೀತಿ. ಎಷ್ಟೋ ಕಡೆ ಅದು ಐಡಿಇ ಎಂದೇ ಇರುತ್ತದೆ. ಒಂದು ಟೇಬಲ್ಲಿನ ಆರ್ಡರು ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಹೋಗುವ ಹೋಟೆಲ್ ಸಪ್ಲೈಯರ್‌ನಂತೆ ಐಡಿಇ ಒಂದೊಂದೇ ಕೆಲಸ ಒಪ್ಪಿಸುತ್ತದೆ. ಎಎಚ್‌ಸಿಐ ಮಾಡಿದರೆ 32 ಕೆಲಸಗಳನ್ನು ಒಟ್ಟಿಗೆ ಸಾಲಿಗೆ ಬಿಟ್ಟು, ಯಾವುದು ಮೊದಲು ಅನ್ನುವುದನ್ನು ಡಿಸ್ಕಿಗೇ ಬಿಡುತ್ತದೆ. ಆದರೆ ಹಳೇ ಡಿಸ್ಕಿನಿಂದ ವಿಂಡೋಸ್ 7 ಕ್ಲೋನ್ ಮಾಡಿ ಸುಮ್ಮನೆ ಮೋಡ್ ಬದಲಿಸಿದಿರೋ, ನೀಲಿ ಪರದೆ, 0x7B ಎರರ್. ಗಿರಾಕಿ "ಡೆಡ್" ಅನ್ನುವುದು ಇದನ್ನೇ. ಬದಲಿಸುವ ಮುಂಚೆ ರಿಜಿಸ್ಟ್ರಿಯಲ್ಲಿ ಎಂಎಸ್‌ಎಎಚ್‌ಸಿಐ ಡ್ರೈವರಿನ ಸ್ಟಾರ್ಟ್ ಮೌಲ್ಯವನ್ನು 0 ಮಾಡಿರಬೇಕು. ವಿಂಡೋಸ್ 10 ಆದರೆ ಸೇಫ್ ಮೋಡ್ ಆನ್ ಮಾಡಿಟ್ಟು, ಬಯೋಸ್ ಬದಲಿಸಿ, ಒಮ್ಮೆ ಸೇಫ್ ಮೋಡಿನಲ್ಲೇ ಎದ್ದರೆ ಸಾಮಾನ್ಯವಾಗಿ ಸಾಕು.

ಇಷ್ಟೆಲ್ಲ ಮಾಡಿಕೊಟ್ಟ ಮಷೀನು ಕರೆಂಟು ಹೋಗಿ ಬಂದಮೇಲೆ ಮತ್ತೆ ಏಳಲಿಲ್ಲವೆಂದರೆ ಬೋರ್ಡಿನ ಸೆಲ್ ನೋಡಿ. ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ. ಅದು ಸತ್ತರೆ ಗಡಿಯಾರ ಹಳೇ ತಾರೀಖಿಗೆ ಜಾರುತ್ತದೆ, ಸಾಟಾ ಮೋಡ್ ಐಡಿಇಗೆ ಮರಳಬಹುದು. ಹಳೇ ಬೋರ್ಡಿಗೆ ಎಸ್‌ಎಸ್‌ಡಿ ಹಾಕುವಾಗ ನಾನು ಕೇಳದೆಯೇ ಸೆಲ್ ಬದಲಿಸುತ್ತೇನೆ.

ಇನ್ನು, ಹಳೇ ಡಿಸ್ಕನ್ನೂ ಒಳಗೇ ಬಿಟ್ಟಿದ್ದರೆ ಬೂಟ್ ಆರ್ಡರಿನಲ್ಲಿ ಹೊಸದು ಮೇಲಿರಬೇಕು. ಇಲ್ಲವಾದರೆ ಹಳೇದೇ ಎದ್ದು, "ಏನೂ ಫರಕಿಲ್ಲವಲ್ಲ" ಅನ್ನಿಸುತ್ತದೆ.

ಹೊಸ ಬೋರ್ಡುಗಳ ತಕರಾರೇ ಬೇರೆ. ಕಡ್ಡಿಯಂಥ ಎಂ.2 ಡಿಸ್ಕುಗಳಲ್ಲಿ ಸಾಟಾ, ಎನ್‌ವಿಎಂಇ ಎಂದು ಎರಡು ಜಾತಿ. ಎನ್‌ವಿಎಂಇ ಮಾತ್ರ ಒಪ್ಪುವ ಸ್ಲಾಟಿಗೆ ಸಾಟಾ ಕಡ್ಡಿ ಸಿಕ್ಕಿಸಿದರೆ ಯಾವ ಸೆಟ್ಟಿಂಗೂ ಅದನ್ನು ತೋರಿಸದು. ಕೆಲವು ಬೋರ್ಡಿನಲ್ಲಿ ಎಂ.2 ತುಂಬಿದೊಡನೆ ಒಂದೆರಡು ಸಾಟಾ ಪೋರ್ಟು ಬಂದ್ ಆಗುತ್ತವೆ. ಯಾವುವು ಎಂಬುದು ಮ್ಯಾನ್ಯುಯಲ್‌ನಲ್ಲಿರುತ್ತದೆ, ಓದುವವರು ಬೇಕಷ್ಟೆ. ಇಂಟೆಲ್ 11ನೇ ತಲೆಮಾರಿನಿಂದೀಚಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ವಿಎಂಡಿ ಎಂಬ ಇಂಟೆಲ್‌ನ ಡಿಸ್ಕ್ ಸೆಟ್ಟಿಂಗ್ ಆನ್ ಇದ್ದು, ವಿಂಡೋಸ್ ಹಾಕುವಾಗ ಡಿಸ್ಕೇ ಕಾಣುವುದಿಲ್ಲ. ಇಂಟೆಲ್ ಡ್ರೈವರನ್ನು ಪೆನ್‌ಡ್ರೈವಿನಿಂದ ಕೊಡಬೇಕು, ಇಲ್ಲವೇ ವಿಎಂಡಿ ಆಫ್ ಮಾಡಬೇಕು.

ಲ್ಯಾಪ್‌ಟಾಪಿನ ಬಯೋಸ್ ಮುಟ್ಟುವ ಮುನ್ನ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಇಲ್ಲದಿದ್ದರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ಮಾಲೀಕರ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ನಮ್ಮ ಕಡೆ ಆ ಅಕೌಂಟು ತೆರೆದುಕೊಟ್ಟವನು ಲ್ಯಾಪ್‌ಟಾಪ್ ಮಾರಿದ ಅಂಗಡಿಯ ಹುಡುಗ. ಪಾಸ್‌ವರ್ಡು ಗೊತ್ತಿರುವುದು ಅವನೊಬ್ಬನಿಗೇ.