ಕಾಣೆಯಾದ ಬೆಳಕಿನ ಲೆಕ್ಕ

ಎರಡು ಬಾಟಲಿ ನೀರು. ಒಂದು ಭಟ್ಟಿ ಇಳಿಸಿದ್ದು, ಇನ್ನೊಂದು ಹಳ್ಳಿಯ ಕೊಳವೆ ಬಾವಿಯದ್ದು. ಕಿಟಕಿಯ ಬೆಳಕಿಗೆ ಹಿಡಿದೆ, ಕುಲುಕಿದೆ, ಮೂಸಿಯೂ ನೋಡಿದೆ. ಯಾವುದು ಯಾವುದೆಂದು ಹೇಳಲು ನನ್ನಿಂದಾಗಲಿಲ್ಲ. ಹಾರ್ಮೋನಿಯಂ ಪೆಟ್ಟಿಗೆಯಷ್ಟಿರುವ ಒಂದು ಯಂತ್ರ ಹೇಳಿಬಿಟ್ಟಿತು!

ಅದರ ಹೆಸರು ಸ್ಪೆಕ್ಟ್ರೋಫೋಟೋಮೀಟರ್. ಒಳಗೊಂದು ದೀಪ. ದೀಪದ ಬಿಳಿ ಬೆಳಕು ಗ್ರೇಟಿಂಗ್ ಎಂಬ ಫಲಕಕ್ಕೆ ಬಡಿಯುತ್ತದೆ. ಅದರ ಮೈಮೇಲೆ ಒಂದು ಮಿಲಿಮೀಟರಿಗೆ ನೂರಾರು ಗೀರು! ಬೆಳಕು ಅಲ್ಲಿ ಕಾಮನಬಿಲ್ಲಾಗಿ ಬಿಚ್ಚಿಕೊಳ್ಳುತ್ತದೆ. ಆ ಬಣ್ಣಗಳಲ್ಲಿ ನಮಗೆ ಬೇಕಾದ ಒಂದೇ ಎಳೆಯನ್ನು, ಇವತ್ತಿಗೆ 570 ನ್ಯಾನೋಮೀಟರಿನ ಹಳದಿಯನ್ನು, ಯಂತ್ರ ಆರಿಸಿ ನೀರಿನತ್ತ ಕಳಿಸುತ್ತದೆ.

ನೀರಿರುವುದು ಕ್ಯುವೆಟ್ ಎಂಬ ಚೌಕ ಕೊಳವೆಯಲ್ಲಿ. ಒಳ ಅಗಲ ಸರಿಯಾಗಿ 1 ಸೆಂಟಿಮೀಟರ್. ಬೆಳಕು ಹಾಯುವ ಮೈಗೆ ಬೆರಳು ತಾಗಿಸಿದ್ದೇ ತಡ, ಪಕ್ಕದಲ್ಲಿದ್ದ ತಂತ್ರಜ್ಞೆ ಅದನ್ನು ಕಸಿದುಕೊಂಡು ಟಿಶ್ಯೂವಿನಿಂದ ಒರೆಸಿದರು. ಬೆರಳಚ್ಚೂ ಬೆಳಕು ತಿನ್ನುತ್ತದಂತೆ. ಒಂದು ಗುಳ್ಳೆ ಅಂಟಿಕೊಂಡಿದ್ದರೂ ಲೆಕ್ಕ ಕೆಟ್ಟಿತು!

ಎರಡೂ ನೀರಿಗೆ ಸ್ಪ್ಯಾಡ್ನ್ಸ್ ಎಂಬ ಕೆಂಪು ಬಣ್ಣದ ದ್ರಾವಣ ಬೆರೆಸಿದರು. ಅದರಲ್ಲಿ ಬಣ್ಣವೂ ಜಿರ್ಕೋನಿಯಂ ಲೋಹವೂ ಕೈಹಿಡಿದು ಕೂತಿರುತ್ತವೆ. ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಬಂದು ಜಿರ್ಕೋನಿಯಂ ಅನ್ನು ಎಳೆದೊಯ್ಯುತ್ತದೆ, ಕೆಂಪು ಕಳೆಗುಂದುತ್ತದೆ. ಎಷ್ಟು ಫ್ಲೋರೈಡೋ ಅಷ್ಟು ಪೇಲವ! ನನ್ನ ಕಣ್ಣಿಗೆ ಕೊಳವೆ ಬಾವಿಯದ್ದು ತುಸು ತೆಳುವಾಯಿತೇನೋ ಅನ್ನಿಸಿತು, ಅಷ್ಟೇ. ಯಂತ್ರ ಮಾತ್ರ ದಶಾಂಶದ ಮೂರನೇ ಸ್ಥಾನದವರೆಗೂ ಅಂಕಿ ಬರೆಯಿತು.

ಆ ಅಂಕಿಯೇ ಅಬ್ಸಾರ್ಬೆನ್ಸ್, ದಾರಿಯಲ್ಲಿ ಕಾಣೆಯಾದ ಬೆಳಕಿನ ಲೆಕ್ಕ. 1 ಎಂದರೆ ಹತ್ತು ಪಾಲಿನಲ್ಲಿ ಒಂದೇ ಪಾಲು ದಾಟಿತು. 2 ಎಂದರೆ ನೂರರಲ್ಲಿ ಒಂದು. 3 ಎಂದರೆ ಸಾವಿರದಲ್ಲಿ ಒಂದು. ಬಣ್ಣದ ವಸ್ತು ಇಮ್ಮಡಿಯಾದರೆ ಅಂಕಿಯೂ ಇಮ್ಮಡಿ. ಇಷ್ಟು ಸರಳ ನಿಯಮದ ಎಳೆ ಹಿಡಿದವರು 1729ರಲ್ಲಿ ಫ್ರಾನ್ಸಿನ ಬೂಗೇ, 1760ರಲ್ಲಿ ಲ್ಯಾಂಬರ್ಟ್, 1852ರಲ್ಲಿ ಜರ್ಮನಿಯ ಬಿಯರ್. ಬೆಕ್‌ಮನ್ ಕಂಪನಿಯ ಹೆಸರಾಂತ ಡಿಯು ಸ್ಪೆಕ್ಟ್ರೋಫೋಟೋಮೀಟರ್ ಬಂದದ್ದು 1941ರಲ್ಲಿ.

ಇದೇ ಪೆಟ್ಟಿಗೆ, ಬೇರೆ ದೀಪ, 260 ನ್ಯಾನೋಮೀಟರ್: ಈಗ ಅದು ಡಿಎನ್‌ಎ ಅಳೆಯುತ್ತದೆ! ಆ ಬೆಳಕು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಸಾಮಾನ್ಯ ಗಾಜು ಅದನ್ನು ತಡೆಯುವುದರಿಂದ ಕ್ವಾರ್ಟ್ಸ್ ಕ್ಯುವೆಟ್ ಬಳಸುತ್ತಾರೆ.

ನಮ್ಮ ನೀರಿಗೆ ಮರಳುತ್ತೇನೆ. ಫ್ಲೋರೈಡ್ ಪ್ರಮಾಣ ಮೊದಲೇ ಗೊತ್ತಿದ್ದ ದ್ರಾವಣಗಳ ಅಂಕಿಗಳನ್ನು ಗ್ರಾಫಿನಲ್ಲಿ ಗುರುತಿಸಿದಾಗ ಚುಕ್ಕೆಗಳು ಕೋಲು ಇಟ್ಟ ಹಾಗೆ ನೇರ ಸಾಲಿನಲ್ಲಿ ನಿಂತವು. ನೋಡಿ ಮೈ ಜುಮ್ಮೆಂದಿತು! ನಮ್ಮ ಕೊಳವೆ ಬಾವಿ ನೀರಿನ ಅಂಕಿ ಆ ಗೆರೆಯ ತುದಿಯನ್ನೂ ದಾಟಿ ಹೋಗಿತ್ತು. ಹಾಗಾಗಿ ನೀರನ್ನು ಅರ್ಧಕ್ಕೆ ತೆಳುಮಾಡಿ ಮತ್ತೆ ಅಳೆದರು. ಬಂದ ಉತ್ತರ, ಲೀಟರಿಗೆ 2 ಮಿಲಿಗ್ರಾಮಿಗೂ ಮೇಲೆ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಲೆ ಕೂರುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಸೆಟೆಯುತ್ತದೆ. ಪಾವಗಡ, ಕೋಲಾರದ ಕಡೆಯವರಿಗೆ ಇದು ಹೊಸ ಮಾತಲ್ಲ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನಾಲಿಗೆಗೆ ತಿಳಿಯುವುದೂ ಇಲ್ಲ. ನಿಮ್ಮ ಮನೆಯದು ಕೊಳವೆ ಬಾವಿ ನೀರಾದರೆ, ಶುಚಿಯಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಒಮ್ಮೆ ಒಯ್ದು ಕೊಡಿ.