ಕಾನ್ವೆಂಟಿನಲ್ಲಿ ಚರಿತ್ರೆಯ ಪಾಠ

ಮುಂಬಯಿಯ ನಮ್ಮ ಜನ ಮಕ್ಕಳನ್ನು ಕ್ಯಾಥೊಲಿಕ್ ಶಾಲೆಗೆ ಕಳುಹಿಸುವುದು ಇಂಗ್ಲಿಷಿಗಾಗಿ, ಶಿಸ್ತಿಗಾಗಿ. ಗಣಿತದಲ್ಲಿ ಎಷ್ಟು ಅಂಕ ಬಂತೆಂದು ವಿಚಾರಿಸುತ್ತೇವೆ. ಸಮಾಜ ವಿಜ್ಞಾನವನ್ನು ಕೇಳುವವರಾರು? ಪರೀಕ್ಷೆಯ ಹಿಂದಿನ ರಾತ್ರಿ ಇಸವಿಗಳನ್ನು ಬಾಯಿಪಾಠ ಮಾಡಿದರಾಯಿತೆಂದು ನಾನೂ ಎಣಿಸಿದ್ದೆ, ಎಂಟನೆಯ ತರಗತಿಯ ಮೊಮ್ಮಗಳು ಒಂದು ಸಂಜೆ ಬಳಿಯಲ್ಲಿ ಬಂದು ಕೂರುವ ತನಕ.

"ಅಜ್ಜಾ, ನಮ್ಮನ್ನು ಪ್ರಾರ್ಥನೆಗೆ ಬಾ ಎಂದು ಶಾಲೆಯವರು ಒತ್ತಾಯಿಸುವ ಹಾಗಿಲ್ಲ, ಗೊತ್ತುಂಟಾ?"

ಪೌರನೀತಿಯ ಪಾಠದಲ್ಲಿ ಸಂವಿಧಾನದ 28ನೆಯ ಅನುಚ್ಛೇದ ಬಂದಿತ್ತು. ಸರಕಾರದ ಮನ್ನಣೆ ಅಥವಾ ಧನಸಹಾಯ ಪಡೆದ ಶಾಲೆಯಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧೆಗೆ ಕೂರಿಸುವಂತಿಲ್ಲ. ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಹೋಗುವಾಗ ಉಳಿದವರಿಗೆ ನೀತಿಪಾಠವೇಕೆಂಬುದು ಅವಳಿಗೆ ಈಗ ತಿಳಿಯಿತು. ಅಂಥ ಶಾಲೆ ನಡೆಸುವ ಹಕ್ಕನ್ನು ಕೊಟ್ಟದ್ದು 30ನೆಯ ಅನುಚ್ಛೇದ. ಅದು ಭಾಷಿಕ ಅಲ್ಪಸಂಖ್ಯಾತರಿಗೂ ಸಲ್ಲುತ್ತದೆ. ಎಂದರೆ ಈ ನಗರದಲ್ಲಿ ನಮಗೂ! (ಕನ್ನಡ ಶಾಲೆಗಳ ಬೆಂಚುಗಳು ಬರಿದಾಗುವುದೇಕೆಂದು ಮೊಮ್ಮಗಳನ್ನು ಕಾನ್ವೆಂಟಿಗೆ ಕಳುಹಿಸಿದ ನಾನು ಕೇಳುವಂತಿಲ್ಲ.)

ಮುಂದೆ ಬಂತು ಟಿಪ್ಪುಸುಲ್ತಾನನ ಪಾಠ. ಪುಸ್ತಕದಲ್ಲಿ ಆತ ಇಂಗ್ಲಿಷರೊಡನೆ ಹೋರಾಡಿ 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಡಿದ ವೀರ. ಪಾಠ ಹೇಳುವ ಟೀಚರಾದರೋ ಮಂಗಳೂರು ಕಡೆಯ ಕ್ಯಾಥೊಲಿಕರು. ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆ ಹೊರಿಸಿ, 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸಂಸಾರ ಸಮೇತ ಹಿಡಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಬದುಕುಳಿದವರಲ್ಲಿ ಅನೇಕರು ಊರಿಗೆ ಮರಳಿದ್ದು ಅವನು ಮಡಿದ ಮೇಲೆ. ಟೀಚರ ಹಿರಿಯರೂ ಆ ದಾರಿಯಲ್ಲಿ ನಡೆದವರಂತೆ.

"ಟೀಚರು ಅವನನ್ನು ಬೈದರೋ?" ಎಂದೆ.

"ಇಲ್ಲ ಅಜ್ಜಾ. ಹಲಗೆಯ ಮೇಲೆ ಎರಡು ಇಸವಿ ಬರೆದರು. ಇದು ಪುಸ್ತಕದ್ದು, ಇದು ನಮ್ಮ ಮನೆಯದ್ದು, ಎರಡೂ ನಡೆದದ್ದು ಅಂದರು."

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಗೋವೆಯಲ್ಲಿ ಪೋರ್ತುಗೀಸರು?" ಎಂದಳಂತೆ. ಟೀಚರು ಅದನ್ನೂ ಮರೆಮಾಡಲಿಲ್ಲ. 1560ರಲ್ಲಿ ಅಲ್ಲಿ ಧರ್ಮವಿಚಾರಣೆಯ ನ್ಯಾಯಮಂಡಲಿ ಆರಂಭವಾಯಿತು, ದೇವಾಲಯಗಳು ನೆಲಕಚ್ಚಿದ್ದವು, ಎಷ್ಟೋ ಕೊಂಕಣಿ ಮನೆತನಗಳು ಕೆನರಾಕ್ಕೆ ಇಳಿದು ಬಂದವು ಎಂದು ಮೂರನೆಯ ಇಸವಿಯನ್ನೂ ಬರೆದರು. ತನ್ನವರ ನೋವನ್ನು ಹೇಳಿದ ಬಾಯಲ್ಲೇ ತನ್ನ ಮತದವರ ತಪ್ಪನ್ನೂ ಹೇಳುವುದು ಸುಲಭವಲ್ಲ. ನಾನಾಗಿದ್ದರೆ ಗಂಟೆ ಬಾರಿಸುವುದನ್ನೇ ಕಾಯುತ್ತಿದ್ದೆನೇನೋ!

ಈ ನಗರದಲ್ಲಿ ಇಂಥವರು ಹಿಂದೆಯೂ ಇದ್ದರು. 1922ರಲ್ಲಿ ಸ್ಪೇನಿನಿಂದ ಬಂದ ಜೆಸುಯಿಟ್ ಪಾದ್ರಿ ಹೆನ್ರಿ ಹೆರಾಸರು ಸೇಂಟ್ ಜೇವಿಯರ್ಸ್ ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತ, 1926ರಲ್ಲಿ ಸಂಶೋಧನ ಸಂಸ್ಥೆ ಸ್ಥಾಪಿಸಿದರು. ಮರುವರ್ಷವೇ ವಿಜಯನಗರದ ಅರವೀಡು ವಂಶದ ಮೇಲೆ ದೊಡ್ಡ ಗ್ರಂಥ ಹೊರತಂದರು.

ಈಗ ಮೊಮ್ಮಗಳಿಗೆ ಹೊಸ ಮನೆಗೆಲಸ: ಹಿರಿಯರನ್ನು ಕೇಳಿ ಮನೆತನದ ಚರಿತ್ರೆ ಒಂದು ಪುಟ ಬರೆಯಬೇಕು. ಹೋಟೆಲಿನಲ್ಲಿ ಲೋಟ ತೊಳೆಯುತ್ತ ಕನ್ನಡ ರಾತ್ರಿಶಾಲೆಯಲ್ಲಿ ಓದಿದ ಕತೆಯನ್ನು ಹೇಳಿದೆ.

"ಯಾವ ಇಸವಿ ಅಜ್ಜಾ?"

ನೆನಪಾಗಲಿಲ್ಲ. ಸರ್ಟಿಫಿಕೇಟು ಟ್ರಂಕಿನಲ್ಲಿದ್ದೀತೆಂದು ಇಬ್ಬರೂ ಮಂಚದ ಕೆಳಗೆ ಬಗ್ಗಿದೆವು.